ಉಪ್ಪಳದ ಮಾತು, ಕಚೇರಿಯ ಕಾಗದ

ಇಮೇಲ್ ಮಾಡಿದರೆ ಸಾಕೇ, ಫೋನ್ ಮಾಡಬೇಕೇ, ಖುದ್ದು ಹೋಗಬೇಕೇ? ಅರ್ಜಿ ಬರೆಸಲು ಬರುವ ಹುಡುಗರು ನನ್ನನ್ನು ಕೇಳುವುದು ಇದನ್ನೇ. ನಮ್ಮ ಉಪ್ಪಳದಲ್ಲಿ ಈ ಪ್ರಶ್ನೆ ಇಮೇಲಿಗಿಂತ ಬಹಳ ಹಳೆಯದು. ನನ್ನ ತಂದೆಯೂ ಅರ್ಜಿ ಬರೆಯುವವರೇ ಆಗಿದ್ದರು. ಅವರ ಕಾಲದಲ್ಲೂ ಜನ ಇದನ್ನೇ ಕೇಳುತ್ತಿದ್ದರು.

ಮದ್ರಾಸು ಸರಕಾರದ ಕಾಲದಲ್ಲಿ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಕಲೆಕ್ಟರ ಕಚೇರಿ ಮಂಗಳೂರಿನಲ್ಲಿ, ಇಲ್ಲಿಂದ ಸುಮಾರು 30 ಕಿ.ಮೀ. 1907ರಲ್ಲಿ ರೈಲು ಮಂಗಳೂರು ಮುಟ್ಟಿದ ಮೇಲೆ, ಬೆಳಗ್ಗೆ ಹೋದವರು ಗುಮಾಸ್ತರ ಮುಂದೆ ನಿಂತು ತುಳುವಿನಲ್ಲೇ ವಿಷಯ ಹೇಳಿ ಸಂಜೆಗೆ ಮನೆ ಸೇರಬಹುದಿತ್ತು. ಹೇಳುವುದು ತುಳುವಿನಲ್ಲಿ, ಬರೆಯುವುದು ಕನ್ನಡದಲ್ಲಿ. ಮನೆಯಲ್ಲಿ ಬ್ಯಾರಿ, ಕೊಂಕಣಿ, ಉರ್ದು ಆಡುವವರಿಗೂ ಕಚೇರಿಯ ವ್ಯವಹಾರ ಹೊಸದೇನೂ ಆಗಿರಲಿಲ್ಲ.

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮುಂದಿನ ಜನವರಿಯಲ್ಲಿ ಹೊಸ ಕಣ್ಣೂರು ಜಿಲ್ಲೆ ಹುಟ್ಟಿ, ನಮ್ಮ ಜಿಲ್ಲಾ ಕಚೇರಿ ನೂರಕ್ಕೂ ಹೆಚ್ಚು ಕಿ.ಮೀ. ದೂರ ಹೋಯಿತು. ಗಡಿಯ ಬಗ್ಗೆ ಬರೆಯುವವರು ಈ ದೂರವನ್ನು ಅಷ್ಟಾಗಿ ಗಮನಿಸುವುದಿಲ್ಲ. ಒಂದು ದಿನದಲ್ಲಿ ಹೋಗಿ ಮಾತಾಡಿ ಬರುವುದು ಕಷ್ಟವಾದದ್ದರಿಂದ ಜನ ಕಾಗದವನ್ನು ನೆಚ್ಚಬೇಕಾಯಿತು. ಬರುಬರುತ್ತ ಆ ಕಾಗದದ ಭಾಷೆಯೂ ಮಲಯಾಳವಾಯಿತು. ಮಾತು ಬೇಕಾದವರಿಗೆ ಮಾತು ದೂರವಾಯಿತು, ಕಾಗದ ಬಂದರೆ ಓದಲಾಗಲಿಲ್ಲ.

ಇದರ ಬಿಸಿ ಚೆನ್ನಾಗಿ ತಟ್ಟಿದ್ದು 1970ರಲ್ಲಿ ಭೂಸುಧಾರಣೆ ಜಾರಿಯಾದಾಗ. ಗೇಣಿ ಒಕ್ಕಲುಗಳೆಲ್ಲ ತಾವು ಉಳುವ ಭೂಮಿಗೆ ಅರ್ಜಿ ಹಾಕಬೇಕಿತ್ತು. ಅವರ ಕೈಯಲ್ಲಿದ್ದ ಚಾಲಗೇಣಿ, ಮೂಲಗೇಣಿ ಚೀಟುಗಳು ಕನ್ನಡದವು. ವಿಚಾರಣೆಯ ನೋಟೀಸು ಮಲಯಾಳದ್ದು. ತಂದೆಯ ಜಗಲಿಯಲ್ಲಿ ಕುಳಿತ ಒಬ್ಬ ಅಜ್ಜಿಯನ್ನು ನಾನು ಮರೆತಿಲ್ಲ. ಸೆರಗಿನ ಗಂಟಿನಿಂದ ನೋಟೀಸು ತೆಗೆದು, ಮಡಿಕೆ ಬಿಡಿಸಿ, ತಂದೆಯ ಮುಖವನ್ನೇ ನೋಡುತ್ತಿದ್ದರು. ತಂದೆ ಮೊದಲು ತಾರೀಕು ಓದಿದರು. ಆಮೇಲೆ ಸರ್ವೆ ನಂಬರು, ಆಮೇಲೆ ಯಾರ ಮುಂದೆ ಹಾಜರಾಗಬೇಕೆಂಬುದು, ಎಲ್ಲವನ್ನೂ ತುಳುವಿನಲ್ಲಿ ಎರಡೆರಡು ಸಲ ಹೇಳಿದರು. ಹೊರಡುವಾಗ ಅಜ್ಜಿ ತಾರೀಕನ್ನು ಬಾಯಿಪಾಠ ಮಾಡಿಕೊಂಡಿದ್ದರು.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಈ ಜನರನ್ನು ಪೂರ್ತಿ ಮರೆತಿರಲಿಲ್ಲ. ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೂ ತಮ್ಮ ಪ್ರದೇಶದ ಕಚೇರಿಗಳಿಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಅದರಲ್ಲಿದೆ. ನನ್ನ ಮಟ್ಟಿಗೆ ಈ ಎರಡನೆಯ ಮಾತೇ ಹೆಚ್ಚಿನದು. ಕನ್ನಡದಲ್ಲಿ ಬರೆದ ಅರ್ಜಿಗೆ ಮಲಯಾಳದಲ್ಲಿ ಉತ್ತರ ಬಂದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಗೆಲ್ಲ ಕೆಲಸ ಸಾಗಿಸಿದ್ದು ಕೌಂಟರಿನ ಆಚೆ ಕುಳಿತ, ತುಳು ಬಲ್ಲ ಯಾರೋ ಒಬ್ಬ ನೌಕರ. ಅಂಥವರ ಉಪಕಾರ ದೊಡ್ಡದು. ಆದರೆ ಅವರಿಗೆ ವರ್ಗವಾದ ದಿನ ಆ ದಾರಿಯೂ ಮುಚ್ಚುತ್ತದೆ, ಅವರು ಬಾಯಲ್ಲಿ ಹೇಳಿದ್ದು ಫೈಲಿನಲ್ಲಿ ಇರುವುದಿಲ್ಲ.

1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. 2014ರಲ್ಲಿ ಮಂಜೇಶ್ವರ ತಾಲೂಕಾಗಿ ಕಚೇರಿ ಉಪ್ಪಳಕ್ಕೇ ಬಂತು. ಊರವರು ಮತ್ತೆ ನಡೆದು ಹೋಗಿ ಮಾತಾಡಬಹುದಾದ ಕಾಲಕ್ಕೆ ಸರಿಯಾಗಿ ಅರ್ಜಿಗಳು ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದ ಕಂಪ್ಯೂಟರಿಗೆ ಹೋದವು.

ಆದ್ದರಿಂದ ಹುಡುಗರಿಗೆ ನಾನು ಹೇಳುವುದು ಇಷ್ಟು: ಮೊದಲು ಹೋಗಿ ಮಾತಾಡಿ, ಯಾವ ಭಾಷೆ ಬರುತ್ತದೋ ಅದರಲ್ಲಿ. ಒಪ್ಪಿದ್ದನ್ನು ಅದೇ ದಿನ ಕನ್ನಡದಲ್ಲಿ ಇಮೇಲ್ ಮಾಡಿ. ಈಗ ಮೊಬೈಲಿನಲ್ಲೇ ಕನ್ನಡ ಟೈಪ್ ಆಗುತ್ತದೆ. 1969ರ ಕಾಯ್ದೆಯ ಹೆಸರು ಹೇಳಿ ಕನ್ನಡದಲ್ಲಿ ಉತ್ತರ ಬೇಕೆಂದು ಕೊನೆಯ ಸಾಲಿನಲ್ಲಿ ಬರೆಯಿರಿ. ಪ್ರಿಂಟ್ ತೆಗೆದು ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.