ಪಾವಗಡದ ಬೆಟ್ಟವೂ ಕಾಲೇಜಿನ ತ್ರಿಕೋಣಮಿತಿಯೂ

ಶಿರಾ ತಾಲ್ಲೂಕಿನ ಮದಲೂರು ದೊಡ್ಡ ಕೆರೆಯ ಊರು. ಅಲ್ಲಿಂದಲೋ, ಮಧುಗಿರಿ, ಕೊರಟಗೆರೆ, ಪಾವಗಡಗಳ ಕಡೆಯ ಹಳ್ಳಿಗಳಿಂದಲೋ ಕಾಲೇಜಿಗೆ ಬರುವ ಹುಡುಗ ಹುಡುಗಿಯರನ್ನು ಮೊದಲು ಹೆದರಿಸುವುದು ಗಣಿತ. ಕಲನಶಾಸ್ತ್ರ ಇನ್ನೂ ದೂರವಿರುತ್ತದೆ. ಅದರ ಹೊಸ್ತಿಲಲ್ಲಿ ಕುಳಿತ ತ್ರಿಕೋಣಮಿತಿಯನ್ನೂ ಲಾಗರಿದಮ್ಮನ್ನೂ ದಾಟಲಾರದೆ ಎಷ್ಟೋ ಮಂದಿ ವಿಜ್ಞಾನವನ್ನೇ ಬಿಟ್ಟುಬಿಡುತ್ತಾರೆ. ನಾನೂ ಮೊದಲ ಪರೀಕ್ಷೆಯಲ್ಲಿ ಮುಗ್ಗರಿಸಿದವನೇ. ಸೂತ್ರಗಳನ್ನು ಗಿಳಿಪಾಠ ಮಾಡಿದ್ದಾಯಿತು. ಅವು ಯಾವ ಕೆಲಸಕ್ಕೆ ಬಂದವೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ನಮ್ಮ ಸೀಮೆಯಲ್ಲಿಯೇ ಇತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತಷ್ಟೆ. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, ದಕ್ಷಿಣ ದೇಶವನ್ನು ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ ತ್ರಿಕೋಣಗಳಿಂದಲೇ ಅಳೆಯಬೇಕೆಂದು ಹೊರಟ. 1800ರಲ್ಲಿ ಬೆಂಗಳೂರಿನ ಬಳಿ ಮೊದಲು ನೆಲ ಅಳೆದಾಗ ಅವನ ಕೈಯಲ್ಲಿದ್ದ ನೂರು ಅಡಿಯ ಉಕ್ಕಿನ ಸರಪಳಿ, ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು ಹಿಂದೆ ಬಂದದ್ದು! ನಮ್ಮ ಪಾಲಿಗೆ ಒಳ್ಳೆಯದೇ ಆಯಿತು.

ಅವನ ಉಪಾಯ ಕಾಲೇಜಿನ ಹುಡುಗನಿಗೆ ತಿಳಿದ ಉಪಾಯವೇ. ಒಂದು ಗೆರೆಯನ್ನು ಮಾತ್ರ ನೆಲದ ಮೇಲೆ ಅಳೆಯುವುದು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಗುರುತಿಸುವುದು. ಮಿಕ್ಕದ್ದು ಲೆಕ್ಕ. ಗೆರೆ 10 ಮೈಲಿ, ಕೋನಗಳು 60 ಮತ್ತು 50 ಡಿಗ್ರಿ ಎನ್ನಿ. ಬೆಟ್ಟದ ಬಳಿಯ ಕೋನ 70. ಹತ್ತನ್ನು 60ರ ಸೈನಿನಿಂದ ಗುಣಿಸಿ 70ರ ಸೈನಿನಿಂದ ಭಾಗಿಸಿದರೆ 60ರ ಎದುರಿನ ಭುಜ ಸುಮಾರು 9.2 ಮೈಲಿ. ಕಾಡು, ಹಳ್ಳ ಯಾವುದನ್ನೂ ದಾಟಬೇಕಾಗಿಲ್ಲ. ಈ ಭುಜವೇ ಮುಂದಿನ ತ್ರಿಕೋಣಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ. ದೊಡ್ಡ ದೊಡ್ಡ ಅಂಕಿಗಳ ಗುಣಾಕಾರವನ್ನು ಸಂಕಲನವಾಗಿ ಇಳಿಸಿಕೊಟ್ಟದ್ದು 1614ರಲ್ಲಿ ನೇಪಿಯರ್ ಪ್ರಕಟಿಸಿದ ಲಾಗರಿದಮ್.

ಬೆಂಗಳೂರಿನ ದೊಡ್ಡಗುಂಟದಿಂದ ಉತ್ತರಕ್ಕೆ ಸಾಗಿದ ಈ ಸಾಲಿನಲ್ಲಿ ಪಾವಗಡವೂ ಒಂದು ಠಾಣೆ. ಇಂಗ್ಲಿಷರ ಕಡತಗಳಲ್ಲಿ ಅದು 'ಪೌಘರ್'. ಅಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶ ಕಂಡುಕೊಂಡರು. ಅದು 14 ಡಿಗ್ರಿಗೆ ತುಸು ಮೇಲೆ. ದೊಡ್ಡಗುಂಟದ್ದು ಹೆಚ್ಚುಕಡಿಮೆ 13. ನಡುವಣ ದೂರ ತ್ರಿಕೋಣಗಳಿಂದ ಗೊತ್ತಾಗಿತ್ತು. ಹಾಗಾಗಿ ಭೂಮಿಯ ಒಂದು ಡಿಗ್ರಿ ಸುಮಾರು 69 ಮೈಲಿಯೆಂಬುದನ್ನು ನಮ್ಮ ಕಲ್ಲುಬೆಟ್ಟಗಳ ನಡುವೆಯೇ ತಾಳೆ ನೋಡಿದಂತಾಯಿತು.

ಹುಡುಗರು ಹೆದರುವ 'ಸೈನ್' ಪದವೂ ಪರದೇಶಿಯಲ್ಲ. ಆರ್ಯಭಟ 499ರಲ್ಲಿ ಪಟ್ಟಿಗೆ ಆಧಾರವಾಗಿಸಿದ 'ಜ್ಯಾ' ಅರಬ್ಬರ ಬಾಯಲ್ಲಿ ಬದಲಾಗಿ, ಲ್ಯಾಟಿನ್ನಿನಲ್ಲಿ ತಪ್ಪಾಗಿ ಅನುವಾದಗೊಂಡು, 'ಸೈನಸ್' ಆಯಿತು. ತವರಿನ ಹೆಸರು ಮರೆತ ಮಗಳು!

ಇಷ್ಟಕ್ಕಿಂತ ನನಗೆ ಹಿಡಿಸಿದ್ದು ಲ್ಯಾಂಬ್ಟನ್ನನ ಅನುಮಾನದ ಸ್ವಭಾವ. ಎರಡು ಕೋನ ಗೊತ್ತಾದರೆ ಮೂರನೆಯದು ತಾನಾಗಿ ಬರುತ್ತದಲ್ಲವೆ? ಆದರೂ ಸಾಧ್ಯವಾದೆಡೆ ಮೂರನ್ನೂ ಅಳೆಯುತ್ತಿದ್ದ. 1802ರಲ್ಲಿ ಮದರಾಸಿನಲ್ಲಿ ಅಳೆದ ಗೆರೆಯಿಂದ ಲೆಕ್ಕ ಮಾಡುತ್ತಾ ಬಂದು, 1804ರಲ್ಲಿ ಬೆಂಗಳೂರಿನಲ್ಲಿ ಏಳೂವರೆ ಮೈಲಿಯ ಇನ್ನೊಂದು ಗೆರೆಯನ್ನು ಸರಪಳಿ ಹಾಕಿ ಅಳೆದು ನೋಡಿದ. ವ್ಯತ್ಯಾಸ ನಾಲ್ಕು ಅಂಗುಲಕ್ಕೂ ಕಡಿಮೆ.

ಎರಡನೆಯ ಸಲ ಪರೀಕ್ಷೆಗೆ ಓದುವಾಗ ನಾನು ಹಿಡಿದದ್ದು ಇದೇ ದಾರಿ. ಪ್ರತಿ ಲೆಕ್ಕಕ್ಕೂ ಮೊದಲು ಚಿತ್ರ. ಉತ್ತರ ಬಂದ ಮೇಲೆ ಇನ್ನೊಂದು ಭುಜದ ಕಡೆಯಿಂದ ಮತ್ತೆ ಲೆಕ್ಕ. ಕೆರೆಯ ಏರಿಯ ಮೇಲೆ ಹಗ್ಗ ಹಿಡಿದು ನೂರು ಗಜ ಅಳೆದು, ಎರಡು ತುದಿಗಳಿಂದ ಆಚೆ ದಡದ ಮರವೊಂದಕ್ಕೆ ಕೋನ ಹಿಡಿದು, ಅಗಲವನ್ನು ಕಂಡುಹಿಡಿಯಿರಿ. ಮಾರನೆಯ ದಿನ ಏರಿಯ ಬೇರೆ ನೂರು ಗಜದಿಂದ ಅದೇ ಮರವನ್ನು ನೋಡಿ. ಎರಡು ಉತ್ತರ ಹೊಂದದಿದ್ದರೆ ಸೂತ್ರವನ್ನು ಬೈಯುವುದಕ್ಕೆ ಮುಂಚೆ ಕೋನಮಾಪಕವನ್ನು ಹಿಡಿದ ಕೈಯನ್ನು ವಿಚಾರಿಸಿಕೊಳ್ಳಿ.