ಬೆಳಕಿನ ಪಾಸ್‌ಬುಕ್

ಕಾಪು ಕಡಲತೀರದ ಬಂಡೆಯ ಮೇಲೆ ದೀಪಸ್ತಂಭ ಎದ್ದದ್ದು 1901ರಲ್ಲಿ. ಸುಮಾರು 27 ಮೀಟರ್ ಎತ್ತರದ ಆ ಗೋಪುರದ ತುದಿಯಲ್ಲಿ ಮೊದಲ ದಶಕಗಳಲ್ಲಿ ಉರಿಯುತ್ತಿದ್ದದ್ದು ಎಣ್ಣೆಯ ದೀಪ. ಹಡಗಿನವರಿಗೆ ಅದು ದಾರಿ ತೋರಿಸುತ್ತಿದ್ದ ಹೊತ್ತಿನಲ್ಲಿ, ಕೆಳಗಿನ ಮನೆಗಳಲ್ಲಿ ಮಕ್ಕಳು ಚಿಮಿಣಿ ದೀಪದ ಮುಂದೆ ಕುಳಿತು ಮಗ್ಗಿ ಒಪ್ಪಿಸುತ್ತಿದ್ದರು. ಘಟ್ಟದ ಮೇಲಿನವರು ಸೀಮೆಎಣ್ಣೆ ಎನ್ನುವುದನ್ನು ಕರಾವಳಿಯವರು ಚಿಮಿಣಿ ಎಣ್ಣೆ ಎನ್ನುವುದು ಆ ದೀಪದಿಂದಲೇ. ಇಂದು ಮಂಗಳೂರಿನ ಬಜ್ಪೆಯಿಂದ ದುಬೈಗೆ ಹಾರುವ ವಿಮಾನದ ರೆಕ್ಕೆಯೊಳಗೆ ತುಂಬುವ ಇಂಧನವೂ ಅದರ ದಾಯಾದಿಯೇ, ಹೆಚ್ಚು ಸಂಸ್ಕರಿಸಿದ ಸೀಮೆಎಣ್ಣೆ.

ವಿಮಾನಯಾನದ ಮೊದಲ ದಿನಗಳಲ್ಲಿ ನೆಲದ ಮೇಲಿನ ವ್ಯವಸ್ಥೆಗೆ ಇಂಗಾಲದ ಲೆಕ್ಕ ಬೇಕಿರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತು ತಂದಾಗ, ಅಹಮದಾಬಾದಿನಲ್ಲಿ ಪೆಟ್ರೋಲು ಡಬ್ಬಿಗಳು ಬಂದದ್ದು ಎತ್ತಿನಗಾಡಿಯಲ್ಲಿ. ಮುಂಬಯಿಯಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯಲ್ಲಿ ಇಳಿದು ಮದ್ರಾಸು ತಲುಪಿದ. ಆ ಕಾಲದ ವಿಮಾನ ನಿಲ್ದಾಣಗಳಲ್ಲಿ ರಾತ್ರಿ ಇಳಿಯಬೇಕಾದರೆ ರನ್‌ವೇ ಉದ್ದಕ್ಕೂ ಸೀಮೆಎಣ್ಣೆಯ ದೀಪಗಳನ್ನು ಸಾಲಾಗಿ ಇಡುತ್ತಿದ್ದರು. ಕೊಕ್ಕರೆಯ ಕೊರಳಿನಂಥ ಮೂತಿಯ ಆ ಡಬ್ಬಿಗಳು ಮಳೆ ಬಂದರೆ ಆರುತ್ತಿದ್ದವು, ಗಾಳಿ ಬಂದರೆ ಹೊಗೆ ಉಗುಳುತ್ತಿದ್ದವು.

ಕರಾವಳಿಗೆ ವಿಮಾನ ಬಂದದ್ದು 1951ರ ಡಿಸೆಂಬರ್ 25ರಂದು. ಬಜ್ಪೆಯ ಪದವಿನಲ್ಲಿ ಡಕೋಟಾದಿಂದ ಇಳಿದು ನಿಲ್ದಾಣವನ್ನು ಉದ್ಘಾಟಿಸಿದವರು ಜವಾಹರಲಾಲ್ ನೆಹರೂ. ಅದರ ಬೆನ್ನಿಗೇ, 1953ರಲ್ಲಿ, ಡಾ. ಟಿ.ಎಂ.ಎ. ಪೈ ಮಣಿಪಾಲದ ಬೋಳುಗುಡ್ಡೆಯಲ್ಲಿ ವೈದ್ಯಕೀಯ ಕಾಲೇಜು ತೆರೆದರು. ಎರಡೂ ಒಂದೇ ಬಗೆಯ ಮುರಕಲ್ಲಿನ ನೆಲ. ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದು ಎಂದು ರೈತರು ಕೈಬಿಟ್ಟ ಜಾಗಗಳು. ದೂರದೇಶದ ವಿದ್ಯಾರ್ಥಿಗಳು ಮಣಿಪಾಲಕ್ಕೆ ಬರತೊಡಗಿದಂತೆ, ಇಲ್ಲಿನ ಯುವಕರು ಕೊಲ್ಲಿಗೆ ಹೊರಟಂತೆ, ಉಡುಪಿಯವರಿಗೂ ಬಜ್ಪೆಯೇ ಮನೆಯ ಹೆಬ್ಬಾಗಿಲಾಯಿತು. ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ, 2,450 ಮೀಟರಿನ ಹೊಸ ರನ್‌ವೇ ತೆರೆದ ವರ್ಷ.

ಈಗ ವಿಮಾನ ನಿಲ್ದಾಣಗಳೂ ಬಿಸಿಲಿನಿಂದ ಕರೆಂಟು ತೆಗೆಯುತ್ತವೆ. ಆದರೆ ಆ ಪಾಠ ಈ ಸೀಮೆಯಲ್ಲಿ ನಿಲ್ದಾಣದಿಂದ ಮನೆಗೆ ಬಂದದ್ದಲ್ಲ. ಮನೆಯಲ್ಲೇ ಶುರುವಾದದ್ದು, ಅದೂ ಬ್ಯಾಂಕಿನ ಮೂಲಕ.

ಉಡುಪಿ ಬ್ಯಾಂಕುಗಳ ತವರು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇಲ್ಲಿ ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಆರಂಭಿಸಿದ್ದು ಸಿಂಡಿಕೇಟ್ ಬ್ಯಾಂಕ್ ಆಯಿತು. ಆ ಬ್ಯಾಂಕು 1928ರಲ್ಲಿ ತಂದ ಪಿಗ್ಮಿ ಠೇವಣಿಯ ಯುಕ್ತಿ ಬಹಳ ಸರಳ. ತಿಂಗಳಿಗೊಮ್ಮೆ ದೊಡ್ಡ ಮೊತ್ತ ಕೇಳಿದರೆ ಬಡವನ ಹತ್ತಿರ ಇರುವುದಿಲ್ಲ. ದಿನಾ ಮನೆಬಾಗಿಲಿಗೆ ಹೋಗಿ ಎರಡಾಣೆ ಕೇಳಿದರೆ ಕೊಡುತ್ತಾನೆ.

1995ರಲ್ಲಿ ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆ ಸೆಲ್ಕೋ ಸಂಸ್ಥೆ ಕಟ್ಟಿ ಹಳ್ಳಿಮನೆಗಳಿಗೆ ಸೋಲಾರ್ ದೀಪ ಮಾರಲು ಹೊರಟಾಗ ಎದುರಾದದ್ದೂ ಇದೇ ತೊಡಕು. ಹಂದೆಯವರು ಹಲವು ವೇದಿಕೆಗಳಲ್ಲಿ ಹೇಳಿದ ಒಂದು ಪ್ರಸಂಗವಿದೆ. ಬೀದಿಬದಿಯ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರವಾಗಿತ್ತಂತೆ, ದಿನಕ್ಕೆ 10 ರೂಪಾಯಿ ಹಗುರವಾಗಿತ್ತಂತೆ. ಪಿಗ್ಮಿ ಕಂಡ ಊರಿಗೆ ಈ ಗಣಿತ ಹೊಸದಲ್ಲ. ಸಿಂಡಿಕೇಟ್ ಬ್ಯಾಂಕು ಪ್ರಾಯೋಜಿಸಿದ ಮಲಪ್ರಭಾ ಗ್ರಾಮೀಣ ಬ್ಯಾಂಕು ಸೋಲಾರ್ ಸಾಲಕ್ಕೆ ಬಾಗಿಲು ತೆರೆದ ಮೊದಲಿಗರಲ್ಲಿ ಒಂದು. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಬ್ಯಾಂಕ್ ಅಧಿಕಾರಿಗಳಿಗೇ ಈ ಸಾಲದ ತರಬೇತಿ ಕೊಟ್ಟಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಬಡ್ಡಿಯ ಒಂದು ಪಾಲನ್ನು ತಾನು ಹೊತ್ತಿತು. ಕೆಲವೇ ವರ್ಷಗಳಲ್ಲಿ 18 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಆ ಸಾಲದಿಂದ ಬೆಳಕು ಬಂತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು.

ಆ ಮನೆಗಳ ದೀಪದ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿದರೆ ಇಷ್ಟೇ: ಹೆಂಚಿನ ಮಾಡಿನ ಮೇಲೆ ಒಂದು ಸೋಲಾರ್ ಹಲಗೆ, ಜಗಲಿಯ ಮೂಲೆಯಲ್ಲಿ ಮರದ ಪೆಟ್ಟಿಗೆಯೊಳಗೆ ಬ್ಯಾಟರಿ, ಅಡುಗೆಮನೆಗೆ, ಚಾವಡಿಗೆ, ಹಟ್ಟಿಗೆ ಒಂದೊಂದು ದೀಪ. ಮಳೆಗಾಲದ ಆಟಿ ತಿಂಗಳಲ್ಲಿ ನಾಲ್ಕು ದಿನ ಸೂರ್ಯ ಮುಖ ತೋರಿಸದಿದ್ದರೆ ಮನೆಯೊಡತಿ ಹಟ್ಟಿಯ ದೀಪ ಆರಿಸಿ ಅಡುಗೆಮನೆಯದನ್ನು ಉಳಿಸಿಕೊಳ್ಳಬೇಕು. ಪೆಟ್ಟಿಗೆಯಲ್ಲಿ ಜಮೆ ಇದ್ದಷ್ಟೇ ಖರ್ಚು.

ಇದೇ ಹೊತ್ತಿಗೆ ಕಾಪುವಿನಿಂದ ತುಸು ದೂರದಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ನಂದಿಕೂರಿನಲ್ಲಿ 1,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಕಟ್ಟಲು ಬಂದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ವಿರೋಧ, ಮೊಕದ್ದಮೆಗಳ ನಡುವೆ 1999ರ ಡಿಸೆಂಬರ್‌ನಲ್ಲಿ ಗಂಟುಮೂಟೆ ಕಟ್ಟಿತು. ಆದರೆ ಕಲ್ಲಿದ್ದಲು ಬರುವುದು ತಪ್ಪಲಿಲ್ಲ. ಎಲ್ಲೂರಿನ ಉಡುಪಿ ಪವರ್ ಸ್ಥಾವರದ ಮೊದಲ ಘಟಕ 2010ರಲ್ಲಿ, ಎರಡನೆಯದು 2012ರಲ್ಲಿ ಶುರುವಾಯಿತು. ಒಟ್ಟು 1,200 ಮೆಗಾವಾಟ್. ವಿದೇಶದ ಕಲ್ಲಿದ್ದಲು ಪಣಂಬೂರಿನ ಬಂದರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಇಲ್ಲಿಗೆ ತಲುಪುತ್ತದೆ. ಹಾರುಬೂದಿಯ ಬಗ್ಗೆ, ಬಾವಿಗೆ ಉಪ್ಪುನೀರು ನುಗ್ಗುವುದರ ಬಗ್ಗೆ, ಶಂಕರಪುರದ ಮಲ್ಲಿಗೆಯ ಬಗ್ಗೆ ಸುತ್ತಲಿನವರು ವರ್ಷಗಟ್ಟಲೆ ದೂರಿದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ 52 ಕೋಟಿ ರೂಪಾಯಿಯ ಪರಿಸರ ಪರಿಹಾರ ಕಟ್ಟಲು ಆದೇಶಿಸಿತು.

ಅಲ್ಲೇ ಹತ್ತಿರದ ಪಡುಬಿದ್ರಿಯಲ್ಲಿ ಸುಜ್ಲಾನ್ ಕಂಪನಿ ಗಾಳಿಯಂತ್ರಗಳ ರೆಕ್ಕೆ ತಯಾರಿಸುವ ಕಾರ್ಖಾನೆ ತೆರೆಯಿತು. ಒಂದೊಂದು ರೆಕ್ಕೆ ಉದ್ದನೆಯ ಲಾರಿಯ ಮೇಲೆ ತಿರುವು ತೆಗೆದುಕೊಳ್ಳುವಾಗ ಬಸ್ಸಿನವರು ಎಂಜಿನ್ ಆರಿಸಿ ಇಳಿದು ನೋಡುತ್ತಿದ್ದರು. ಹೀಗೆ ಒಂದೇ ತಾಲೂಕು ಕಲ್ಲಿದ್ದಲನ್ನು ಸುಟ್ಟಿತು, ಅದಕ್ಕೆ ಬದಲಿಯಾಗುವ ಯಂತ್ರದ ಅಂಗವನ್ನೂ ತಯಾರಿಸಿತು. ಕಾರ್ಕಳದ ಕೇಮಾರು ವಿದ್ಯುತ್ ಉಪಕೇಂದ್ರದ ತಂತಿಗಳಿಗೆ ಮಾತ್ರ ಇಂಥ ಭೇದ ತಿಳಿಯದು. ಘಟ್ಟದ ನೀರಿನದ್ದಾಗಲಿ, ಕರಾವಳಿಯ ಕಲ್ಲಿದ್ದಲಿನದ್ದಾಗಲಿ, ಕರೆಂಟು ಒಮ್ಮೆ ಜಾಲಕ್ಕೆ ಸೇರಿದ ಮೇಲೆ ಬೇರ್ಪಡಿಸಲಾಗದು.

ವಿಮಾನ ನಿಲ್ದಾಣಗಳ ಹಸಿರು ಕರೆಂಟಿನ ಗುಟ್ಟು ಇರುವುದೂ ಇಲ್ಲೇ. ನಿಲ್ದಾಣವೆಂದರೆ ರಾತ್ರಿ ಹಗಲೆನ್ನದೆ ಏರ್ ಕಂಡಿಷನರ್, ಲಗೇಜಿನ ಬೆಲ್ಟು, ರನ್‌ವೇ ದೀಪ ನಡೆಯಬೇಕಾದ ಜಾಗ. ಕೊಚ್ಚಿ ನಿಲ್ದಾಣದವರು 2013ರಲ್ಲಿ ಚಾವಣಿಯ ಮೇಲೆ 100 ಕಿಲೋವಾಟಿನ ಹಲಗೆಗಳನ್ನು ಹಾಕಿ ಪರೀಕ್ಷಿಸಿದರು. 2015ರ ಆಗಸ್ಟ್ 18ರಂದು 45 ಎಕರೆಯಲ್ಲಿ 46 ಸಾವಿರ ಹಲಗೆಗಳ 12 ಮೆಗಾವಾಟ್ ಸ್ಥಾವರ ಚಾಲೂ ಮಾಡಿ, ಪೂರ್ತಿ ಸೌರಶಕ್ತಿಯಿಂದ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣ ಎನಿಸಿಕೊಂಡರು. ಹಲಗೆಗಳ ನಡುವಿನ ನೆಲದಲ್ಲಿ ತರಕಾರಿಯನ್ನೂ ಬೆಳೆದರು. 2018ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು.

ಹಾಗಾದರೆ ರಾತ್ರಿ ಇಳಿಯುವ ವಿಮಾನಕ್ಕೆ ಬೆಳಕು ಎಲ್ಲಿಂದ? ರಾಜ್ಯದ ಜಾಲದಿಂದ. ಹಗಲು ಮಿಗಿಲಾದದ್ದನ್ನು ವಿದ್ಯುತ್ ಮಂಡಳಿಗೆ ಕೊಡುವುದು, ರಾತ್ರಿ ಹಿಂದಕ್ಕೆ ಪಡೆಯುವುದು. ವರ್ಷದ ಕೊನೆಗೆ ಎರಡೂ ಅಂಕಣ ತಾಳೆಯಾದರೆ ಸರಿ. ವಿದ್ಯುತ್ ನಿಯಮಗಳ ಭಾಷೆಯಲ್ಲಿ ಇಂಥ ಏರ್ಪಾಟಿಗಿರುವ ಹೆಸರು ಬ್ಯಾಂಕಿಂಗ್. ಉಡುಪಿಯ ಯಾವ ಪಿಗ್ಮಿ ಏಜೆಂಟನಿಗಾದರೂ ಅರ್ಥವಾಗುವ ಪಾಸ್‌ಬುಕ್ಕು ಇದು, ಎರಡಾಣೆಯ ಜಾಗದಲ್ಲಿ ಯೂನಿಟ್ಟು ಬಂದಿದೆ ಅಷ್ಟೆ. ಮಾಡಿನ ಮೇಲೆ ಹಲಗೆ ಹಾಕಿದ ಮನೆಯೊಡತಿಯ ಸ್ಥಿತಿಯೇ ಬೇರೆ. ಅವಳಿಗೆ ಬ್ಯಾಟರಿಯಲ್ಲಿದ್ದಷ್ಟೇ ಗತಿ. ನಿಲ್ದಾಣಕ್ಕೆ ಇಡೀ ಜಾಲವೇ ಬ್ಯಾಟರಿ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. ಅದು ತನ್ನ ಆವರಣದ ಹಲಗೆಗಳ ಜೊತೆಗೆ ಹೊರಗಿನ ಸೌರ, ಪವನ ಸ್ಥಾವರಗಳಿಂದಲೂ ಕರೆಂಟು ಕೊಳ್ಳುತ್ತದೆ. ಬಯಲುಸೀಮೆಗೆ ಇದು ಹೇಳಿಮಾಡಿಸಿದ ದಾರಿ. ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರಪಾರ್ಕು ಎದ್ದು ನಿಂತ ರಾಜ್ಯ ಇದು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಉಡುಪಿ, ಕಾರ್ಕಳದ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಲಗೆಯ ಮೇಲೆ ಬಿಸಿಲಿಗಿಂತ ಪಾಚಿ ಜಾಸ್ತಿ. ಕರಾವಳಿಯ ಜಮೆ ಆಗುವುದು ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ. ಇದೇ ಕರಾವಳಿಯ ಬಜ್ಪೆ ನಿಲ್ದಾಣದ ಆಡಳಿತ 2020ರ ಅಕ್ಟೋಬರ್ 31ರಂದು ಅದಾನಿ ಸಮೂಹಕ್ಕೆ ಹೋಯಿತು. ಎಲ್ಲೂರಿನ ಕಲ್ಲಿದ್ದಲು ಸ್ಥಾವರವನ್ನು 2015ರಲ್ಲಿ ಕೊಂಡದ್ದೂ ಅದೇ ಸಮೂಹ.

ಕಟ್ಟಡದ ಕರೆಂಟು ಹಸಿರಾದರೆ ಲೆಕ್ಕ ಮುಗಿಯುವುದಿಲ್ಲ. ನಿಂತ ವಿಮಾನದ ಬಾಲದಲ್ಲಿ ಒಂದು ಪುಟ್ಟ ಎಂಜಿನ್ ಗೊರಗೊರ ಎನ್ನುತ್ತಿರುತ್ತದೆ. ಒಳಗಿನ ದೀಪ, ತಂಪು ಅದರದ್ದೇ. ಏರ್‌ಬಸ್ 320ರಂಥ ವಿಮಾನದಲ್ಲಿ ಅದು ಗಂಟೆಗೆ ನೂರು ಕಿಲೋದಷ್ಟು ಇಂಧನ ಕುಡಿಯುತ್ತದೆ. ಒಂದು ಕಿಲೋ ಇಂಧನ ಸುಟ್ಟರೆ ಮೂರು ಕಿಲೋಗೂ ಮೀರಿ ಇಂಗಾಲದ ಡೈಆಕ್ಸೈಡ್. ನಿಲ್ದಾಣದ ಸೇತುವೆಯಿಂದ ದಪ್ಪ ಕೇಬಲ್ ಎಳೆದು ವಿಮಾನದ ಹೊಟ್ಟೆಗೆ ಸಿಕ್ಕಿಸಿದರೆ ಆ ಎಂಜಿನ್ ಬಾಯಿಮುಚ್ಚುತ್ತದೆ. ವಿಮಾನ ನಿಲ್ದಾಣಗಳ ಅಂತರರಾಷ್ಟ್ರೀಯ ಮಂಡಳಿಯ ಯುರೋಪ್ ಶಾಖೆ 2009ರಲ್ಲಿ ಶುರು ಮಾಡಿದ ಇಂಗಾಲ ಮಾನ್ಯತೆಯ ಮೆಟ್ಟಿಲುಗಳಲ್ಲಿ ಇಂಥ ಕೆಲಸಗಳೂ ಲೆಕ್ಕಕ್ಕೆ ಬರುತ್ತವೆ. ಆದರೂ ವಿಮಾನ ಮೇಲೆದ್ದ ಮೇಲೆ ಸುಡುವುದರ ಮುಂದೆ ನೆಲದ ಉಳಿತಾಯ ಚಿಕ್ಕದು. ಮುಂಬಯಿಗೆ ಹೋಗುವ ಉಡುಪಿಯವರಿಗೆ ಬೇರೆ ದಾರಿಯೂ ಇದೆ. 1998ರಲ್ಲಿ ತೆರೆದ ಕೊಂಕಣ ರೈಲುಮಾರ್ಗದ ವಿದ್ಯುದೀಕರಣ ಪೂರ್ತಿಯಾಗಿ 2022ರ ಜೂನ್‌ನಲ್ಲಿ ದೇಶಕ್ಕೆ ಸಮರ್ಪಣೆಯಾಯಿತು, ಡೀಸೆಲ್ ಎಂಜಿನ್ನಿನ ಹೊಗೆ ಉಡುಪಿಯ ಇಂದ್ರಾಳಿ ರೈಲು ನಿಲ್ದಾಣದಲ್ಲಿ ಅಪರೂಪವಾಯಿತು.

ಉಳಿದದ್ದು ಇಂಧನವನ್ನೇ ಬದಲಿಸುವ ಮಾತು. ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ರಲ್ಲಿ ಶೇ 1, 2028ರಲ್ಲಿ ಶೇ 2ರಷ್ಟು ಸುಸ್ಥಿರ ಇಂಧನ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿದೆ. ಅದರ ಕಚ್ಚಾವಸ್ತುಗಳಲ್ಲಿ ಒಂದು, ಕರಿದು ಉಳಿದ ಅಡುಗೆ ಎಣ್ಣೆ. ಮತ್ತೆ ಮತ್ತೆ ಕಾದು ಕೆಟ್ಟ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈಯಿಂದಲೇ ಇದೆ. ಉಡುಪಿಯ ಹೋಟೆಲುಗಳಲ್ಲಿ ಸಂಜೆಯ ಗೋಳಿಬಜೆ ಮುಗಿದ ಮೇಲೆ ಬಾಣಲೆ ತಣ್ಣಗಾಗಲು ಬಿಡುತ್ತಾರೆ. ರಾತ್ರಿ ಹತ್ತರ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಹುಡುಗನೊಬ್ಬ ಆ ಕಪ್ಪೆಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ತಗಡಿನ ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು, ಗೋಡೆಗೆ ಒರಗಿಸುತ್ತಾನೆ.