ಹತ್ತು ಸೆಂಟಿನ ಪುಸ್ತಕಕ್ಕೆ ಬೆಲೆ ಕಟ್ಟಿದವರು

1938ರಲ್ಲಿ ಅಮೆರಿಕದ ಪತ್ರಿಕೆ ಅಂಗಡಿಗಳಲ್ಲಿ ಹತ್ತು ಸೆಂಟಿಗೆ ಒಂದು ಕಾಮಿಕ್ಸ್ ಬಂತು. ‘ಆಕ್ಷನ್ ಕಾಮಿಕ್ಸ್’, ಸಂಚಿಕೆ 1. ಮುಖಪುಟದಲ್ಲಿ ಹಸಿರು ಕಾರನ್ನು ಎತ್ತಿ ಹಿಡಿದಿರುವ ಒಬ್ಬ ಮನುಷ್ಯ. ಅವನೇ ಸೂಪರ್‌ಮ್ಯಾನ್. 2024ರ ಏಪ್ರಿಲ್‌ನಲ್ಲಿ ಅದೇ ಸಂಚಿಕೆಯ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. 2025ರ ನವೆಂಬರ್‌ನಲ್ಲಿ ‘ಸೂಪರ್‌ಮ್ಯಾನ್’ ಸಂಚಿಕೆ 1ರ ಒಂದು ಪ್ರತಿ 91 ಲಕ್ಷ ಡಾಲರನ್ನೂ ದಾಟಿತು.

ಇಂಥ ಸುದ್ದಿ ಬಂದಾಗ ಎಲ್ಲರೂ ಕೇಳೋದು ‘ಅಷ್ಟು ದುಡ್ಡು ಕೊಟ್ಟ ಪುಣ್ಯಾತ್ಮ ಯಾರು?’ ಅಂತ. ನನಗೆ ಮಾತ್ರ ಬೇರೊಂದು ಕುತೂಹಲ. ಈ ಪುಸ್ತಕಕ್ಕೆ ಇಷ್ಟು ಅಂತ ಹೇಳಿದವರು ಯಾರು? ಕೊಂಡವರು ಅದನ್ನು ಯಾಕೆ ನಂಬಿದರು? ಹಳೆಯ ಕಾಮಿಕ್ಸ್ ಕೊಳ್ಳುವ ಹುಚ್ಚು ನನಗೂ ಇದೆ, ಎರಡೆರಡು ಪ್ರತಿ ಸೇರಿಕೊಂಡಾಗ ಒಂದನ್ನು ಮಾರೋದೂ ಇದೆ. ಬೆಲೆ ಹೇಳುವಾಗ ಪ್ರತಿಸಲ ನಾಲಿಗೆ ತಡವರಿಸುತ್ತದೆ. ಹಾಗಾಗಿ ಈ ಚರಿತ್ರೆಯನ್ನು ಸ್ವಲ್ಪ ಕೆದಕಿದೆ. ಕೆದಕಿದಷ್ಟೂ ಇದು ಬೆಲೆಯ ಕಥೆಗಿಂತ ಹೆಚ್ಚಾಗಿ, ಮಾರುವವನ ಮಾತನ್ನು ನಂಬುವುದು ಹೇಗೆ ಅನ್ನೋ ಕಥೆ ಅಂತ ಅನ್ನಿಸಿತು.

ಮೊದಲು, ಈ ಪುಸ್ತಕಗಳು ಅಪರೂಪ ಆಗಿದ್ದು ಹೇಗೆ ಅಂತ ನೋಡೋಣ. ಅವು ಮಕ್ಕಳು ಓದಿ ಬಿಸಾಡಲಿ ಅಂತಲೇ ಅಗ್ಗದ ಕಾಗದದ ಮೇಲೆ ಅಚ್ಚಾದವು. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಮನೆಮನೆಯಿಂದ ಹಳೆ ಕಾಗದ ಸಂಗ್ರಹಿಸಿತು, ಕಾಮಿಕ್ಸ್‌ಗಳೂ ಅದರ ಜೊತೆ ಹೋದವು. ಯುದ್ಧ ಮುಗಿದ ಮೇಲೆ ‘ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ’ ಅನ್ನೋ ಗಲಾಟೆ ಎದ್ದಿತು. ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯರು 1954ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು, ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಕೆಲವು ಊರುಗಳಲ್ಲಿ ಕಾಮಿಕ್ಸ್ ರಾಶಿ ಹಾಕಿ ಸುಟ್ಟಿದ್ದೂ ಉಂಟು. ಉಳಿದಿದ್ದನ್ನು ಅಮ್ಮಂದಿರು ಮನೆ ಗುಡಿಸುವಾಗ ಎಸೆದರು :) ಲಕ್ಷಗಟ್ಟಲೆ ಅಚ್ಚಾದ ‘ಆಕ್ಷನ್ ಕಾಮಿಕ್ಸ್’ 1ರಲ್ಲಿ ಇವತ್ತು ಉಳಿದಿರೋದು ಸುಮಾರು ನೂರು ಪ್ರತಿ ಅಂತ ಅಂದಾಜು.

1960ರ ದಶಕದ ಹೊತ್ತಿಗೆ ಬಾಲ್ಯದ ಪುಸ್ತಕಗಳನ್ನು ಮತ್ತೆ ಹುಡುಕುವ ಒಂದು ತಲೆಮಾರು ತಯಾರಾಗಿತ್ತು. ಅವರು ಸೈಕ್ಲೋಸ್ಟೈಲ್ ಮಾಡಿದ ಅಭಿಮಾನಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಅಂಚೆಯಲ್ಲಿ ದುಡ್ಡು ಕಳಿಸಿ ಕೊಳ್ಳುತ್ತಿದ್ದರು. ಪುಸ್ತಕವನ್ನು ಕಣ್ಣಲ್ಲಿ ನೋಡೋದು ದುಡ್ಡು ಕೊಟ್ಟ ಮೇಲೆ. ಒಬ್ಬ ಡೀಲರ್ ಎರಡು ಡಾಲರ್ ಅಂದರೆ, ಮತ್ತೊಬ್ಬ ಅದಕ್ಕೇ ಇಪ್ಪತ್ತು ಅನ್ನುತ್ತಿದ್ದ. ಒಬ್ಬ ‘ಚೆನ್ನಾಗಿದೆ’ ಅಂತ ಬರೆದರೆ ಅದಕ್ಕೆ ಏನು ಅರ್ಥ ಅಂತ ಅವನಿಗೊಬ್ಬನಿಗೇ ಗೊತ್ತು.

ನಾಣ್ಯ, ಅಂಚೆಚೀಟಿ ಕೂಡಿಸುವವರಿಗೆ ಈ ಕಷ್ಟ ಇರಲಿಲ್ಲ, ಅವರಿಗೆ ಮುದ್ರಿತ ಬೆಲೆಪಟ್ಟಿಗಳಿದ್ದವು. ಟೆನೆಸಿ ರಾಜ್ಯದ ಕ್ಲೀವ್‌ಲ್ಯಾಂಡ್ ಅನ್ನೋ ಊರಿನ ರಾಬರ್ಟ್ ಓವರ್‌ಸ್ಟ್ರೀಟ್ ಕಾಮಿಕ್ಸ್‌ಗೂ ಅಂಥದ್ದೊಂದು ಮಾಡಲು ಕೂತರು. ಡೀಲರ್‌ಗಳ ಪಟ್ಟಿಗಳನ್ನೂ ಜಾಹೀರಾತುಗಳನ್ನೂ ಒಟ್ಟುಮಾಡಿ, ಯಾವ ಸಂಚಿಕೆಗೆ ಎಲ್ಲೆಲ್ಲಿ ಎಷ್ಟು ಕೇಳ್ತಿದ್ದಾರೆ ಅಂತ ಗುರುತು ಹಾಕಿಕೊಂಡರು. ಡೆಟ್ರಾಯಿಟ್‌ನ ಜೆರ್ರಿ ಬೇಲ್ಸ್, ಆ ಕಾಲದ ಅಭಿಮಾನಿ ಬಳಗದ ಹಿರಿಯ, ತಾವು ವರ್ಷಗಟ್ಟಲೆ ಕೂಡಿಸಿದ ಮಾಹಿತಿ ಕೊಟ್ಟು ನೆರವಾದರು. 1970ರ ನವೆಂಬರ್‌ನಲ್ಲಿ ‘ಕಾಮಿಕ್ ಬುಕ್ ಪ್ರೈಸ್ ಗೈಡ್’ ಹೊರಬಂತು. ಮೊದಲ ಮುದ್ರಣ ಸಾವಿರ ಪ್ರತಿ, ಬೆಲೆ ಐದು ಡಾಲರ್. ಅದರಲ್ಲಿ ‘ಆಕ್ಷನ್ ಕಾಮಿಕ್ಸ್’ 1ರ ಅತ್ಯುತ್ತಮ ಪ್ರತಿಗೆ ಹಾಕಿದ್ದ ಬೆಲೆ 300 ಡಾಲರ್. ಒಂದು ಕಾಮಿಕ್ಸ್‌ಗೆ ಮುನ್ನೂರಾ ಅಂತ ಆಗಿನವರಿಗೆ ಅದೇ ದೊಡ್ಡ ಮೊತ್ತ.

ಆ ಗೈಡ್‌ನಲ್ಲಿ ಪುಸ್ತಕದ ಸ್ಥಿತಿಗೆ ತಕ್ಕಂತೆ ಬೇರೆ ಬೇರೆ ಕಾಲಂ. ಅವುಗಳಲ್ಲಿ ತೀರಾ ಕೆಳಗಿನದು ‘ಗುಡ್’! ಮಾಸಿದ, ಮಡಚಿದ, ಮೂಲೆ ಸವೆದ, ಆದರೆ ಪುಟಗಳೆಲ್ಲ ಇರುವ ಪ್ರತಿ ಅಂತ ಅದರ ಅರ್ಥ. ವ್ಯಾಪಾರದ ಭಾಷೆ ತಿಳಿಯದವನು ‘ಗುಡ್’ ಅಂತ ನೋಡಿ ದುಡ್ಡು ಕಳಿಸಿ, ಬಂದ ಹರಕು ಪುಸ್ತಕ ನೋಡಿ ತಲೆ ಚಚ್ಚಿಕೊಳ್ಳಬೇಕಿತ್ತು. ಆದರೂ ಎಲ್ಲರೂ ಒಂದೇ ಪದವನ್ನು ಒಂದೇ ಅರ್ಥದಲ್ಲಿ ಬಳಸಬೇಕು ಅನ್ನೋ ಒಪ್ಪಂದ ಅಲ್ಲಿ ಶುರುವಾಯಿತು. ಮಾರುವವನು ಗೈಡ್ ತೆಗೆದು ‘ನೋಡಿ ಸ್ವಾಮಿ, ಇಲ್ಲಿದೆ’ ಅಂತ ತೋರಿಸಬಹುದಾಯಿತು, ಕೊಳ್ಳುವವನೂ ಅದನ್ನೇ ತೋರಿಸಿ ಜಗಳ ಆಡಬಹುದಾಯಿತು. ಗೈಡ್‌ಗೆ ಬೆಲೆ ಹೇಳುವವರು ಬಹುತೇಕ ಡೀಲರ್‌ಗಳೇ ಅಲ್ಲವೇ ಅನ್ನೋ ತಕರಾರು ಆಗಲೂ ಇತ್ತು, ಈಗಲೂ ಇದೆ. ಅದರಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಗುಟ್ಟಾಗಿದ್ದ ಬೆಲೆ ಬಯಲಿಗೆ ಬಂತಲ್ಲ, ಅದು ಸಣ್ಣ ಕೆಲಸ ಅಲ್ಲ.

1977ರಲ್ಲಿ ಆ ಗೈಡ್‌ಗೇ ಒಂದು ಪರೀಕ್ಷೆ ಬಂತು. ಕೊಲೊರಾಡೊದಲ್ಲಿ ಎಡ್ಗರ್ ಚರ್ಚ್ ಅನ್ನೋ ಕಲಾವಿದರಿದ್ದರು. ಟೆಲಿಫೋನ್ ಡೈರೆಕ್ಟರಿಯ ಜಾಹೀರಾತುಗಳಿಗೆ ಚಿತ್ರ ಬರೆಯುವುದು ಅವರ ಕಸುಬು. ದಶಕಗಳ ಕಾಲ ಅಂಗಡಿಯಿಂದ ಹೊಸ ಕಾಮಿಕ್ಸ್ ತಂದು ಮನೆಯಲ್ಲಿ ಒಪ್ಪವಾಗಿ ಪೇರಿಸಿಟ್ಟಿದ್ದರು. ಅಲ್ಲಿಯ ಒಣ ಹವೆಗೆ ಕಾಗದ ಅಚ್ಚಾದ ದಿನದಂತೆಯೇ ಬಿಳಿಯಾಗಿ ಉಳಿದಿತ್ತು. ಕುಟುಂಬದವರು ಅದನ್ನು ವಿಲೇವಾರಿ ಮಾಡಲು ಹೊರಟಾಗ ಮೈಲ್ ಹೈ ಕಾಮಿಕ್ಸ್ ಅಂಗಡಿಯ ಚಕ್ ರೊಜಾನ್‌ಸ್ಕಿ ಕೊಂಡುಕೊಂಡರು. 18,000ದಿಂದ 22,000 ಪುಸ್ತಕ ಅಂತ ಲೆಕ್ಕ. ಕೊಟ್ಟ ಹಣ, ಆಮೇಲೆ ಬಂದ ಹಣದ ಮುಂದೆ ಏನೇನೂ ಅಲ್ಲ.

ರೊಜಾನ್‌ಸ್ಕಿ ಈ ಪ್ರತಿಗಳಿಗೆ ಗೈಡ್ ಬೆಲೆಗಿಂತ ಜಾಸ್ತಿ ಕೇಳಿದರು. ‘ದುರಾಸೆ’ ಅಂದವರು ಇದ್ದರು. ಆದರೆ ಪುಸ್ತಕ ನೋಡಿದವರು ಕೊಂಡರು, ಯಾಕೆಂದರೆ ಅಂಥ ಪ್ರತಿ ಬೇರೆಲ್ಲೂ ಇರಲಿಲ್ಲ. ಪಟ್ಟಿ ಹೇಳೋದು ಸರಾಸರಿ, ಕೈಯಲ್ಲಿರೋದು ಒಂದು ಪ್ರತಿ ಅನ್ನೋದು ಅಲ್ಲಿಂದ ಗಟ್ಟಿಯಾಯಿತು. ನನ್ನನ್ನು ಕಾಡೋದು ಈ ಕಥೆಯ ಇನ್ನೊಂದು ತುದಿ. ಮಾರುವವರಿಗೆ ವಸ್ತುವಿನ ಬೆಲೆ ಗೊತ್ತಿಲ್ಲ, ಕೊಳ್ಳುವವನಿಗೆ ಗೊತ್ತು. ಆಗ ಅವರು ಕೇಳಿದಷ್ಟನ್ನು ಕೊಟ್ಟು ಎದ್ದು ಬರೋದು ನ್ಯಾಯವೇ? ಈ ಪ್ರಶ್ನೆಯನ್ನು ಸಂಗ್ರಾಹಕರು ಅರ್ಧ ಶತಮಾನದಿಂದ ಚರ್ಚಿಸುತ್ತಲೇ ಇದ್ದಾರೆ.

1990ರ ಹೊತ್ತಿಗೆ ಹಳೆ ಕಾಮಿಕ್ಸ್‌ನ ಬೆಲೆಗಳು ಪೇಪರಿನಲ್ಲಿ ಬರತೊಡಗಿ, ಓದೋಕೆ ಅಲ್ಲ, ಕೂಡಿಡೋಕೆ ಕೊಳ್ಳುವವರು ಹುಟ್ಟಿಕೊಂಡರು. 1991ರ ‘ಎಕ್ಸ್-ಮೆನ್’ 1 ಎಂಬತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಸಾಯುವ 75ನೇ ಸಂಚಿಕೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಂತು, ಅದೂ ಅರವತ್ತು ಲಕ್ಷದಷ್ಟು ಹೋಯಿತು. ಮಗನ ಕಾಲೇಜು ಫೀಸಿಗೆ ಆಗುತ್ತೆ ಅಂತ ಚೀಲ ಬಿಚ್ಚದೆ ಬೀರುವಿನಲ್ಲಿ ಇಟ್ಟವರೆಷ್ಟೋ! ಎಲ್ಲರ ಬೀರುವಿನಲ್ಲೂ ಇರೋ ವಸ್ತುವಿಗೆ ಯಾರು ದುಡ್ಡು ಕೊಡ್ತಾರೆ? ಕೆಲವೇ ವರ್ಷದಲ್ಲಿ ಗುಳ್ಳೆ ಒಡೆಯಿತು. ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ‘ಇದು ಮುಂದೆ ಬೆಲೆ ಬಾಳುತ್ತೆ’ ಅಂತ ಮಕ್ಕಳ ಕೈಗೆ ರಾಶಿ ಮಾರಿದ ಅಂಗಡಿಯವನ ಬಳಿಗೆ ಆ ಮಕ್ಕಳು ಆಮೇಲೆ ಬರಲಿಲ್ಲ. ಬೆಲೆ ಬಿದ್ದಿದ್ದಕ್ಕಿಂತ ದೊಡ್ಡ ನಷ್ಟ ಅದು.

ಇನ್ನೊಂದು ಕಾಯಿಲೆಯೂ ಇತ್ತು, ರಿಪೇರಿ. ಹರಿದ ಜಾಗಕ್ಕೆ ಕಾಗದ ಸೇರಿಸಿ, ಬಣ್ಣ ಹೋದಲ್ಲಿ ಬಣ್ಣ ತುಂಬಿ, ಅಂಚು ಕತ್ತರಿಸಿ ನೇರ ಮಾಡಿ, ಅದನ್ನು ಹೇಳದೆ ಮಾರೋದು. 1995ರಲ್ಲಿ ಇಬೇ ಶುರುವಾಗಿ, ಮುಖ ನೋಡದವರ ನಡುವೆ ವ್ಯಾಪಾರ ಹೆಚ್ಚಿದ ಮೇಲೆ ಅನುಮಾನವೂ ಹೆಚ್ಚಿತು. 2000ದಲ್ಲಿ ಸಿಜಿಸಿ ಅನ್ನೋ ಸಂಸ್ಥೆ ಆರಂಭವಾಯಿತು. ಪುಸ್ತಕ ಕಳಿಸಿದರೆ, ಕೊಳ್ಳುವವನೂ ಅಲ್ಲದ ಮಾರುವವನೂ ಅಲ್ಲದ ಮೂರನೆಯವರು ಪುಟಪುಟ ನೋಡಿ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ. ರಿಪೇರಿ ಆಗಿದ್ದರೆ ನೇರಳೆ ಲೇಬಲ್, ಇಲ್ಲದಿದ್ದರೆ ನೀಲಿ.

ಆ ಅಂಕಕ್ಕೆ ಎಷ್ಟು ಬೆಲೆ ಬಂತು ನೋಡಿ. 2010ರ ಫೆಬ್ರುವರಿಯಲ್ಲಿ ‘ಆಕ್ಷನ್ ಕಾಮಿಕ್ಸ್’ 1ರ 8.0 ಅಂಕದ ಪ್ರತಿ ಹತ್ತು ಲಕ್ಷ ಡಾಲರಿಗೆ ಹೋಯಿತು. ಮುಂದಿನ ತಿಂಗಳೇ 8.5 ಅಂಕದ ಪ್ರತಿ ಹದಿನೈದು ಲಕ್ಷಕ್ಕೆ. 2014ರಲ್ಲಿ 9.0 ಅಂಕದ್ದು 32 ಲಕ್ಷ. ಅರ್ಧ ಅಂಕಕ್ಕೆ ಲಕ್ಷಗಟ್ಟಲೆ ಡಾಲರ್ ಅಂದಮೇಲೆ ಮೋಸಗಾರರು ಸುಮ್ಮನಿರ್ತಾರಾ? ಡಬ್ಬಿ ಬಿಚ್ಚಿ, ಒಳಗಿನ ಒಳ್ಳೆಯ ಪ್ರತಿ ತೆಗೆದು ಕೀಳು ಪ್ರತಿ ಇಟ್ಟು, ‘ಡಬ್ಬಿ ಗೀರಾಗಿದೆ, ಬದಲಾಯಿಸಿ ಕೊಡಿ’ ಅಂತ ಸಂಸ್ಥೆಗೇ ಕಳಿಸಿ ಹೊಸ ಡಬ್ಬಿ ಪಡೆದ ಹಗರಣ 2023ರ ಕೊನೆಗೆ ಬಯಲಾಯಿತು. ಅದನ್ನು ಹಿಡಿದವರು ಸಂಗ್ರಾಹಕರೇ, ಹಳೆಯ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗೈಡ್ ಬಂದರೂ ಡಬ್ಬಿ ಬಂದರೂ ಕೊನೆಗೆ ಪ್ರಶ್ನೆ ಬಂದು ನಿಲ್ಲೋದು ಅಲ್ಲೇ: ಇದನ್ನು ಮಾರುತ್ತಿರುವವನು ಎಂಥವನು?

ಈಗ ನಮ್ಮ ಕಡೆ ಬರೋಣ. ನಮ್ಮ ಹಳೆಯ ಕಾಮಿಕ್ಸ್‌ಗಳಿಗೂ ಈಗ ಕೊಳ್ಳುವವರಿದ್ದಾರೆ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಫ್ಯಾಂಟಮ್ ಕಥೆಗಳೊಂದಿಗೆ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ 1990ರಲ್ಲಿ ನಿಲ್ಲುವ ಮುಂಚೆ ಎಂಟು ನೂರಕ್ಕೂ ಹೆಚ್ಚು ಸಂಚಿಕೆ ತಂದಿತ್ತು. ಆದರೆ ನಮ್ಮಲ್ಲಿ ಓವರ್‌ಸ್ಟ್ರೀಟ್ ಗೈಡ್‌ನಂತೆ ಎಲ್ಲರೂ ಒಪ್ಪುವ ಪಟ್ಟಿ ಇಲ್ಲ. ನಾವು ಇನ್ನೂ ಅವರ 1960ರ ದಶಕದಲ್ಲೇ ಇದ್ದೇವೆ ಅನ್ನಬಹುದು.

ಉದಾಹರಣೆಗೆ ಅಮರ ಚಿತ್ರ ಕಥೆ. ಕಾರ್ಕಳದ ಅನಂತ ಪೈ ರೂಪಿಸಿದ ಈ ಮಾಲೆಯ ‘ಕೃಷ್ಣ’ ಪುಸ್ತಕದ ಸಂಖ್ಯೆ 11. ಅದಕ್ಕೂ ಹಿಂದಿನ ಹತ್ತು ಎಲ್ಲಿ ಹೋದವು? ಅವು ಸಿಂಡ್ರೆಲ್ಲಾದಂಥ ಪಾಶ್ಚಾತ್ಯ ಕಥೆಗಳು. 1965ರಲ್ಲಿ ಬೆಂಗಳೂರಿನ ಐಬಿಎಚ್‌ನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದವು. ಇಡೀ ದೇಶಕ್ಕೆ ಗೊತ್ತಿರುವ ಮಾಲೆಯ ಬೇರು ನಮ್ಮ ಭಾಷೆಯಲ್ಲಿದೆ ಅಂದರೆ ಖುಷಿ ಆಗುತ್ತಲ್ಲವೇ? ಮುಂದೆ ಅದೇ ‘ಕೃಷ್ಣ’ ಮರುಮುದ್ರಣದಲ್ಲಿ 501 ಆಯಿತು. ಒಂದೇ ಕಥೆ, ಎರಡು ಸಂಖ್ಯೆ, ಲೆಕ್ಕವಿಲ್ಲದಷ್ಟು ಮುದ್ರಣ. ಹೀಗಿರುವಾಗ ‘ಹಳೇದು, ಒರಿಜಿನಲ್’ ಅಂತಷ್ಟೇ ಹೇಳಿ ಮೊದಲ ಮುದ್ರಣದ ಬೆಲೆ ಕೇಳಿದರೆ, ಸುಳ್ಳು ಹೇಳದೆಯೂ ಮೋಸ ಮಾಡಿದಂತೆ.

ನಿಜ ಹೇಳಬೇಕೆಂದಿರುವವನಿಗೆ ಪುಸ್ತಕವೇ ಸುಳಿವು ಕೊಡುತ್ತದೆ. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಆ ಪ್ರತಿ 1972ಕ್ಕಿಂತ ಹಿಂದಿನದಲ್ಲ, ಪಿನ್ ಕೋಡ್ ಬಂದಿದ್ದೇ ಆ ವರ್ಷದ ಆಗಸ್ಟ್ 15ಕ್ಕೆ. ಅಚ್ಚಾದ ಬೆಲೆ, ಹಿಂಬದಿಯ ಜಾಹೀರಾತು, ಒಳಗಿನ ಪುಸ್ತಕಪಟ್ಟಿಯಲ್ಲಿ ಎಷ್ಟನೇ ಸಂಖ್ಯೆಯವರೆಗೆ ಇದೆ ಅನ್ನೋದು, ಇವೆಲ್ಲ ವಯಸ್ಸು ಹೇಳುತ್ತವೆ. ನಮ್ಮ ಪುಸ್ತಕಗಳ ಗಾಯಗಳೂ ನಮ್ಮವೇ: ಹತ್ತಿಪ್ಪತ್ತು ಸಂಚಿಕೆ ಸೇರಿಸಿ ಬೈಂಡ್ ಮಾಡಿಸುವಾಗ ಕತ್ತರಿಸಿದ ಅಂಚು, ಲೈಬ್ರರಿ ಸೀಲು, ಪೆನ್ನಿನಲ್ಲಿ ಬರೆದ ಹೆಸರು, ಮುಂಗಾರಿನ ತೇವಕ್ಕೆ ತುಕ್ಕು ಹಿಡಿದ ಪಿನ್ನು.

ಈ ಚರಿತ್ರೆ ಓದಿದ ಮೇಲೆ ನಾನು ಇಟ್ಟುಕೊಂಡಿರುವ ಕೆಲವು ನಿಯಮ ಹೇಳುತ್ತೇನೆ. ಬೇರೆಯವರು ಕೇಳುತ್ತಿರುವ ಬೆಲೆ ಲೆಕ್ಕಕ್ಕಿಲ್ಲ, ನಿಜವಾಗಿ ಮಾರಾಟವಾದ ಬೆಲೆ ಮಾತ್ರ ಲೆಕ್ಕ. ಕೇಳೋಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಯಾವ ಮುದ್ರಣ ಅಂತ ಖಚಿತವಾಗದಿದ್ದರೆ ಮರುಮುದ್ರಣ ಅಂತಲೇ ಹೇಳಿ ಅದರ ಬೆಲೆಗೇ ಕೊಡೋದು. ಗಾಯಗಳ ಫೋಟೋ ಮೊದಲು, ಮುಖಪುಟದ ಫೋಟೋ ಆಮೇಲೆ. ‘ಮುಂದೆ ಬೆಲೆ ಏರುತ್ತೆ’ ಅನ್ನೋ ಮಾತು ಬಾಯಿಂದ ಬರಕೂಡದು, 1992ರ ಕಪ್ಪು ಚೀಲ ನೆನಪಿರಲಿ. ಇಷ್ಟವಾಗದಿದ್ದರೆ ವಾಪಸ್ ತೊಗೊಳ್ಳೋದು.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಅಜ್ಜನ ಪೆಟ್ಟಿಗೆ ಖಾಲಿ ಮಾಡುತ್ತಾ ‘ಕೆಜಿಗೆ ಎಷ್ಟು ಕೊಡ್ತೀರಿ’ ಅಂತ ಕೇಳುವವರಿಗೆ, ಅದರಲ್ಲಿ ಒಳ್ಳೆಯದೇನಾದರೂ ಇದ್ದರೆ ಕೊಳ್ಳುವ ಮುಂಚೆಯೇ ಬಾಯಿಬಿಟ್ಟು ಹೇಳೋದು. ಹೇಳಿದರೆ ಲಾಭ ಕಡಿಮೆ, ಕೆಲವೊಮ್ಮೆ ಪುಸ್ತಕವೇ ಕೈತಪ್ಪುತ್ತದೆ. ವ್ಯಾಪಾರ ಮಾಡಿ ಹೊಟ್ಟೆ ಹೊರೆಯುವವರು ‘ಕಲಿತ ವಿದ್ಯೆಗೆ ಕೂಲಿ ಬೇಡವೇ’ ಅಂತ ಕೇಳುತ್ತಾರೆ. ಬೇಕು, ಅದನ್ನೂ ಮುಂಚೆಯೇ ಹೇಳಿ ತೊಗೊಳ್ಳಲಿ ಅನ್ನೋದು ನನ್ನ ಅಭಿಪ್ರಾಯ. ‘ಇದು ಸಾವಿರಕ್ಕೆ ಹೋಗಬಹುದು, ನಾನು ಆರುನೂರು ಕೊಡುತ್ತೇನೆ, ಮಿಕ್ಕಿದ್ದು ಮಾರುವ ಶ್ರಮಕ್ಕೆ’ ಅಂದರೆ ಯಾರಿಗೂ ಬೇಜಾರಾಗಲ್ಲ.

ನಿಮ್ಮ ಅಟ್ಟದ ಮೇಲೆ ಆ ಮೊದಲ ಹತ್ತು ಕನ್ನಡ ಅಮರ ಚಿತ್ರ ಕಥೆಗಳಲ್ಲಿ ಒಂದಾದರೂ ಇರಬಹುದು. ಈ ದೀಪಾವಳಿಗೆ ಧೂಳು ಹೊಡೆಯುವಾಗ ಒಮ್ಮೆ ನೋಡಿ. ಸಿಕ್ಕರೆ ರದ್ದಿಯವನಿಗಂತೂ ಹಾಕಬೇಡಿ. ಮಾರಲೇಬೇಕು ಅನ್ನಿಸಿದರೆ, ಕೊಳ್ಳಲು ಬಂದವನು ಅದರ ಬಗ್ಗೆ ನಿಮಗೆ ಗೊತ್ತಿಲ್ಲದ ಏನನ್ನಾದರೂ ತಾನಾಗಿಯೇ ಹೇಳುತ್ತಾನಾ ಅಂತ ನೋಡಿ. ಹೇಳಿದರೆ ಅವನಿಗೇ ಕೊಡಿ.